ಕೋಡಂಗಿಯಾಗಲು ಒಲ್ಲದ ಕ್ಯಾಪ್ಟನ್ ಪೆಟಿಫರ್ಡ್

ಲೂಷಿಯಸ್ ಪೆಟಿಫರ್ಡನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಗ್ರೀನ್‌ಲೀಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹುಟ್ಟುವಾಗಲೇ ಮುಷ್ಟಿ ಬಿಗಿದುಕೊಂಡು ಬಂದವನು ಎಂದು ಚರ್ಚಿನ ಹೆಂಗಸರು ನಗುತ್ತಿದ್ದರು. ಅವನ ಹೆಂಡತಿ ಹೆಸ್ಟರ್ ಮಾತ್ರ ಒಪ್ಪುತ್ತಿರಲಿಲ್ಲ.

"ನಾನು ಮದುವೆ ಆದಾಗ ಅವನಷ್ಟು ಮೆತ್ತಗಿನ ಗಂಡಸು ಈ ಓಹಾಯೋದಲ್ಲೇ ಇರ್ಲಿಲ್ಲ. ಕೋಳಿ ಕುಯ್ಯೋಕೂ ನನ್ನೇ ಕರೀತಿದ್ದ. ಬೇಸ್‌ಬಾಲ್ ಅವನನ್ನ ಹಿಂಗ್ ಮಾಡ್ತು. ಬೇಸ್‌ಬಾಲ್ ಅಂದ್ರೂ ತಪ್ಪೇ. ಅದನ್ನ ಆಡೋ ಜನ ಮಾಡಿದ್ರು," ಎನ್ನುತ್ತಿದ್ದಳು.

ಅವನಪ್ಪ ಅಬ್ಸಾಲಮ್ ಪೆಟಿಫರ್ಡ್ ಯಾರಿಗೂ ಗುಲಾಮನಾಗಿ ದುಡಿದವನಲ್ಲ. ಕಾಲುವೆ ಬೀದಿಯಲ್ಲಿ ನಾಲ್ಕು ಕುರ್ಚಿಯ ಕ್ಷೌರದಂಗಡಿ ಇಟ್ಟಿದ್ದ. ಲೂಷಿಯಸ್ ಹನ್ನೆರಡನೇ ವಯಸ್ಸಿಗೆ ಕತ್ತಿ ಹಿಡಿದ, ಹದಿನಾಲ್ಕಕ್ಕೆ ಚರ್ಮ ಹದ ಮಾಡುವ ಕಾರ್ಖಾನೆಯ ಹಿಂದಿನ ಬಯಲಲ್ಲಿ ಚೆಂಡು ಹಿಡಿದ. ಇಪ್ಪತ್ತೆರಡಕ್ಕೆ, ಅಂದರೆ ೧೮೮೩ರಲ್ಲಿ, ಟಿಲ್‌ಫರ್ಡ್ ಊರಿನ ಬಿಳಿಯರ ತಂಡ ಅವನನ್ನು ಸಂಬಳಕ್ಕೆ ಕರೆದುಕೊಂಡಿತು. ಆಗಿನ್ನೂ ಅಲ್ಲೊಂದು ಇಲ್ಲೊಂದು ತಂಡದಲ್ಲಿ ನಮ್ಮ ಕರಿಯರವನೊಬ್ಬ ಇರುತ್ತಿದ್ದ. ಒಬ್ಬನೇ. ಇಬ್ಬರಿದ್ದುದನ್ನು ಯಾರೂ ಕಂಡಿಲ್ಲ.

ಅವನ ಜಾಗ ಎರಡನೇ ಬೇಸ್. ಮೈದಾನದ ನಟ್ಟನಡುವೆ ಮರದ ಹೊಟ್ಟು ತುಂಬಿದ ಚೀಲವೊಂದು ಬಿದ್ದಿರುತ್ತದೆ. ಎದುರಾಳಿ ಆ ಚೀಲ ಮುಟ್ಟಲು ಓಡಿಬರುತ್ತಾನೆ. ಅವನು ಮುಟ್ಟುವುದರೊಳಗೆ ಚೆಂಡು ಹಿಡಿದು ಅವನ ಮೈಗೆ ತಾಗಿಸಿದರೆ ಔಟ್. ಓಡಿಬರುವವನು ಕೊನೆಯ ಗಳಿಗೆಯಲ್ಲಿ ನೆಲಕ್ಕೆ ಬಿದ್ದು ಕಾಲು ಮುಂದೆ ಮಾಡಿ ಜಾರುತ್ತಾನೆ. ಅವನ ಬೂಟಿನ ಅಡಿಯಲ್ಲಿ ಕಬ್ಬಿಣದ ಮೊಳೆಗಳಿರುತ್ತವೆ. ಬೇರೆಯವರು ನಿಂತಿದ್ದರೆ ಚೀಲದ ಕಡೆಗೆ ಜಾರುತ್ತಿದ್ದರು. ಲೂಷಿಯಸ್ ನಿಂತಿದ್ದರೆ ಅವನ ಮೊಣಕಾಲಿನ ಕೆಳಗೆ ಗುರಿಯಿಟ್ಟು ಜಾರುತ್ತಿದ್ದರು.

ಎದುರಾಳಿಗಳು ಹಾಗೆ ಮಾಡಿದ್ದನ್ನು ಅವನು ಹೇಗೋ ನುಂಗಿಕೊಂಡ. ನುಂಗಲಾಗದ್ದು ಬೇರೆ ಇತ್ತು. ಬ್ಯಾಟು ಬೀಸುವವನ ಹಿಂದೆ ಕೂತು ಚೆಂಡು ಹಿಡಿದು ಬೇಸಿಗೆ ಎಸೆಯುವ, ಅವನದೇ ತಂಡದ ಕ್ಯಾಚರ್ ಬೇಕೆಂದೇ ಚೆಂಡನ್ನು ಗಿಡ್ಡಕ್ಕೆ ಎಸೆಯುತ್ತಿದ್ದ. ಲೂಷಿಯಸ್ ಅದಕ್ಕಾಗಿ ಬಗ್ಗಬೇಕು, ಬಗ್ಗಿದ ಹೊತ್ತಿಗೆ ಬೂಟು ಬರಬೇಕು. ಮೊದಲ ಸಲ ಎಡವಟ್ಟು ಅಂದುಕೊಂಡ. ನಾಲ್ಕನೇ ಸಲ ಕ್ಯಾಚರನ ಮುಖ ನೋಡಿದ. ಆ ಮುಖದಲ್ಲಿ ಎಡವಟ್ಟಿನ ಗುರುತೇ ಇರಲಿಲ್ಲ.

ರಕ್ತಕ್ಕೆ ಅಂಟಿಕೊಂಡ ಕಾಲುಚೀಲವನ್ನು ಹೆಸ್ಟರ್ ಬಿಸಿನೀರು ಹಾಕಿ ಬಿಡಿಸುತ್ತಿದ್ದಳು. "ಬಿಟ್ಟುಬಿಡು ಲೂಷಿಯಸ್. ಅಂಗಡಿ ಇದೆಯಲ್ಲ."

"ಅವರಿಗೆ ಬೇಕಾಗಿರೋದೂ ಅದೇ. ಬಿಡಲ್ಲ."

ಅವನು ಹಳೆಯ ಪೀಪಾಯಿಯೊಂದನ್ನು ಒಡೆದು, ಅದರ ಹಲಗೆಗಳನ್ನು ಕಾಲಿನ ಅಳತೆಗೆ ಕೆತ್ತಿ, ಕಾಲುಚೀಲದೊಳಗೆ ಕಟ್ಟಿಕೊಂಡ. ಮಾರನೆಯ ಪಂದ್ಯದಲ್ಲಿ ಹಾಗನ್ ಎಂಬ ದಪ್ಪ ಆಸಾಮಿ ಎಂದಿನಂತೆ ಕಾಲು ಬೀಸಿ ಬಂದ. ಅವನ ಬೂಟಿನ ಮೊಳೆ ಹಲಗೆಯಲ್ಲಿ ನಾಟಿ ಅಲ್ಲೇ ಸಿಕ್ಕಿಕೊಂಡಿತು. ಎಳೆದರೂ ಬರಲಿಲ್ಲ. ಲೂಷಿಯಸ್ ಕೈಯಲ್ಲಿ ಚೆಂಡು ಹಿಡಿದು ನಿಧಾನವಾಗಿ ಬಗ್ಗಿ, "ಯಾಕಪ್ಪ ಒದ್ದಾಡ್ತೀಯ? ಆರಾಮಾಗ್ ಮಲ್ಕೊ. ಔಟಾಗಿದ್ದೀಯ," ಎಂದು ಅವನ ಹೊಟ್ಟೆಗೆ ಚೆಂಡು ಒತ್ತಿದ. ಇಡೀ ಮೈದಾನ ಹಾಗನ್‌ನನ್ನು ನೋಡಿ ಬಿದ್ದೂ ಬಿದ್ದೂ ನಕ್ಕಿತು.

ಮುಂದಿನ ವಾರದಿಂದ ಎಲ್ಲ ತಂಡದವರೂ ಅರ ಹಾಕಿ ಮೊಳೆ ಮಸೆದುಕೊಂಡು ಬಂದರು. ಹಲಗೆ ಸೀಳಿತು. ಸಿಬಿರು ಮೂಳೆಯವರೆಗೂ ಹೋಯಿತು.

ಮೂರು ತಂಡ ಬದಲಾಯಿಸಿದ. ಮೂರರಲ್ಲೂ ಅವನಿಗಿಂತ ಹೆಚ್ಚು ಚೆಂಡು ಹೊಡೆದವನಿಲ್ಲ. ೧೮೮೭ರ ಬೇಸಿಗೆಯಲ್ಲಿ ಹ್ಯಾರಿಸ್ಟನ್ ತಂಡದ ಮ್ಯಾನೇಜರ್ ಥೇಯರ್ ಅವನನ್ನು ಕರೆದು ಕೂರಿಸಿದ. ಥೇಯರ್ ಒಳ್ಳೆಯ ಮಾತಿನವನು, ಎಂದೂ ದನಿಯೇರಿಸದವನು.

"ನಿನ್ನ ಆಟದಲ್ಲಿ ಒಂದು ಕೂದಲಷ್ಟೂ ತಪ್ಪಿಲ್ಲ, ಲೂಷ್. ಆದ್ರೆ ಹುಡುಗರು ನಿನ್ನ ಜೊತೆ ಆಡಲ್ಲ ಅಂತಿದ್ದಾರೆ. ಲೀಗಿನ ಯಜಮಾನರೂ ಇನ್ನು ಬೇಡ ಅಂತ ತೀರ್ಮಾನ ಮಾಡಿದ್ದಾರೆ."

"ಎಲ್ಲಿ ಬರೆದಿದ್ದಾರೆ? ತೋರ್ಸಿ."

"ಎಲ್ಲೂ ಬರೆದಿಲ್ಲ. ಬರೆಯೋ ಅಂಥದ್ದಲ್ಲ ಅದು."

"ಆ ಹುಡುಗರಲ್ಲಿ ನನ್ನಷ್ಟು ಹೊಡೆಯೋನು ಯಾರಿದ್ದಾನೆ?"

"ಯಾರೂ ಇಲ್ಲ," ಎಂದ ಥೇಯರ್, ಹೊರಗೆ ಬಿಸಿಲಿದೆ ಎನ್ನುವಷ್ಟು ಸಲೀಸಾಗಿ. "ನನಗೂ ಬೇಜಾರೇ."

ಬೈದಿದ್ದರೆ ಲೂಷಿಯಸ್ ತಿರುಗಿ ಬೈಯುತ್ತಿದ್ದ, ಹೊಡೆದಿದ್ದರೆ ಹೊಡೆಯುತ್ತಿದ್ದ. ಈ ಮರ್ಯಾದೆಯ ಮಾತಿಗೆ ಏನು ಮಾಡುವುದೆಂದು ತೋಚಲಿಲ್ಲ. ರೈಲಿನಲ್ಲಿ ಊರಿಗೆ ಬರುವಷ್ಟು ಹೊತ್ತೂ ಹಲ್ಲು ಕಚ್ಚಿಕೊಂಡೇ ಬಂದ. ಮನೆಯಲ್ಲಿ ಹೆಸ್ಟರ್ ಮುಂದಿಟ್ಟ ರೊಟ್ಟಿ ಅಗಿಯಲು ದವಡೆ ಬಿಡಿಸಿಕೊಳ್ಳಲೂ ಆಗಲಿಲ್ಲ.

ಆರು ವರ್ಷ ಅಂಗಡಿಯಲ್ಲಿ ಕತ್ತಿ ಮಸೆದ. ವಕೀಲರು, ಹಿಟ್ಟಿನ ಗಿರಣಿಯ ಯಜಮಾನರು, ಪತ್ರಿಕೆಯವರು ಕುರ್ಚಿಯಲ್ಲಿ ಹಿಂದಕ್ಕೊರಗಿ, "ನಿನ್ನಂಥ ಎರಡನೇ ಬೇಸಿನವನನ್ನ ಮತ್ತೆ ನೋಡಲಿಲ್ಲ ಕಣೋ," ಎನ್ನುತ್ತಿದ್ದರು. ಅವನು ನೊರೆ ಹಚ್ಚುತ್ತಿದ್ದ. ತನ್ನ ಕೈ ಒಂದಿನಿತೂ ನಡುಗದೆ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆಯಲ್ಲ ಎಂದು ಆ ಕೈಯ ಮೇಲೂ ಅವನಿಗೆ ಸಿಟ್ಟಿತ್ತು.

೧೮೯೩ರಲ್ಲಿ ವೆಂಡಲ್ ಕ್ರೌಸ್ ಎಂಬ ಬಿಳಿಯ ಅಂಗಡಿಗೆ ಬಂದ. ಅವನಿಗೆ ಕುದುರೆ ಗಾಡಿ ಮಾಡುವ ಕಾರ್ಖಾನೆ ಇತ್ತು. ಗಾಡಿಗಳ ಹೆಸರು ಊರೂರಿಗೆ ಮುಟ್ಟಬೇಕಿತ್ತು. "ನಿಮ್ಮವರದೇ ಒಂದು ತಂಡ ಕಟ್ಟು. ನೀನೇ ಮ್ಯಾನೇಜರ್. ಯಾರನ್ನ ಬೇಕಾದ್ರೂ ಆರಿಸ್ಕೊ," ಎಂದ. ಲೂಷಿಯಸ್ ಅಂದೇ ಒಪ್ಪಿದ. ಲೂಯಿವಿಲ್‌ವರೆಗೂ ಹೋಗಿ ಹೋಟೆಲಿನ ಮಾಣಿಗಳು, ರೈಲಿನ ಹಮಾಲರು, ಇಟ್ಟಿಗೆ ಹೊರುವವರು ಎಂದು ನೋಡದೆ ಹನ್ನೆರಡು ಜನರನ್ನು ಹೆಕ್ಕಿ ತಂದ. ತಂಡಕ್ಕೆ ರೋವರ್ಸ್ ಎಂದು ಹೆಸರಾಯಿತು. ಅವರೆಲ್ಲ ಕ್ಯಾಪ್ಟನ್ ಎನ್ನುವುದನ್ನು ಮೊಟಕು ಮಾಡಿ ಅವನನ್ನು ಕ್ಯಾಪ್ ಎಂದು ಕರೆದರು.

ಮೊದಲ ದಿನವೇ ಕ್ಯಾಪ್ ಕಟ್ಟಪ್ಪಣೆ ಮಾಡಿದ. "ರೈಲಿಂದ ಇಳಿಯೋವಾಗ ಕೋಟು, ಟೈ. ಕುಡಿಯೋ ಹಾಗಿಲ್ಲ. ಅಂಪೈರ್ ಹತ್ರ ನಾನು ಮಾತಾಡ್ತೀನಿ, ನೀವು ಬಾಯಿ ಬಿಡೋ ಹಾಗಿಲ್ಲ. ಇನ್ನೊಂದು, ಕಿವಿ ಕೊಟ್ಟು ಕೇಳಿ. ನಮ್ಮವರ ಬೇರೆ ತಂಡದವರು ಬಿಳಿಯರನ್ನ ನಗಿಸೋಕೆ ಲಾಗ ಹಾಕ್ತಾರೆ, ಕಣ್ಣು ಹೊರಳಿಸ್ತಾರೆ, ಚೆಂಡು ನೋಡಿ ಹೆದರಿದ ಹಾಗೆ ಕುಣೀತಾರೆ. ನನ್ನ ತಂಡದಲ್ಲಿ ಒಬ್ಬ ಆ ಕೋಡಂಗಿ ವೇಷ ಹಾಕಿದ್ರೆ, ಅಂಗಿ ಬಿಚ್ಚಿಸಿ ಕಳಿಸ್ತೀನಿ."

ಆಗ ಹಿಂದಿನ ಸಾಲಿನಲ್ಲಿದ್ದ ಜೂನಿಯಸ್ ಟಾಲಿವರ್ ಕೈಯೆತ್ತಿದ. ಕೆಂಟಕಿಯ ತಂಬಾಕಿನ ಉಗ್ರಾಣದಲ್ಲಿ ಮೂಟೆ ಹೊರುತ್ತಿದ್ದವನು, ತೋಳು ಮೊಣಕಾಲಿನವರೆಗೂ ಬರುವಷ್ಟು ಉದ್ದ. "ಕ್ಯಾಪ್, ನನ್ನ ಮೂತಿ ಹುಟ್ತಾನೇ ಹಿಂಗೆ. ಅದಕ್ಕೂ ಅಂಗಿ ಬಿಚ್ಚಿಸ್ತೀಯಾ?"

ಎಲ್ಲರೂ ನಕ್ಕರು. ಲೂಷಿಯಸ್ ನಗಲಿಲ್ಲ. ಆದರೆ ಮೊದಲ ಬೇಸಿಗೆ ಜೂನಿಯಸ್‌ನಂಥವನು ಇಡೀ ದೇಶದಲ್ಲಿಲ್ಲ ಎಂಬುದು ಅವನಿಗೆ ವಾರದೊಳಗೇ ಗೊತ್ತಾಯಿತು.

ರೋವರ್ಸ್ ಮೊದಲ ವರ್ಷ ಎಂಬತ್ತು ಪಂದ್ಯ ಗೆದ್ದರು. ಎರಡನೇ ವರ್ಷ ಜನ ಕಡಿಮೆಯಾದರು. ಕ್ರೌಸ್ ಬಂದು ಮೀಸೆ ತಿರುವಿದ. "ಬರೀ ಗೆಲ್ತೀರಿ. ತಮ್ಮೂರಿನವರು ಸೋಲೋದನ್ನ ನೋಡೋಕೆ ಯಾರು ಬರ್ತಾರೆ? ಸ್ವಲ್ಪ ನಗಿಸಿ."

"ನಗಬೇಕಂದ್ರೆ ಸರ್ಕಸ್ಸಿಗೆ ಹೋಗ್ಲಿ. ಅಲ್ಲಿ ಕೋತಿ ಇದೆ," ಎಂದ ಲೂಷಿಯಸ್.

ಆ ವರ್ಷ ಜುಲೈಯಲ್ಲಿ ಇಂಡಿಯಾನಾದ ಕ್ಲೇಬರೋದಲ್ಲಿ ಪಂದ್ಯ. ಹುಲ್ಲಿನ ಕೊಯ್ಲು ಮುಗಿಸಿದ ಜನ ಮಧ್ಯಾಹ್ನದಿಂದಲೇ ಕುಡಿದು ಬಂದಿದ್ದರು. ಏಳನೇ ಸರದಿಯ ಹೊತ್ತಿಗೆ ರೋವರ್ಸಿಗೆ ಹನ್ನೊಂದು ರನ್, ಊರಿನವರಿಗೆ ಒಂದು. ಒಂದು ಬಾಟಲಿ ಹಾರಿ ಬಂತು. ಆಮೇಲೊಂದು ಕಲ್ಲು ಕ್ಯಾಚರನ ಭುಜಕ್ಕೆ ಬಿತ್ತು. ಲೂಷಿಯಸ್ ಅಂಪೈರ್ ಮುಂದೆ ನಿಂತು ವಾದಿಸುತ್ತಿದ್ದ. ಅಂಪೈರ್ ಗಡಿಯಾರ ನೋಡುತ್ತಿದ್ದ.

ಅಷ್ಟರಲ್ಲಿ ಹಿಂದೆ ನಗೆ ಎದ್ದಿತು. ಲೂಷಿಯಸ್ ತಿರುಗಿ ನೋಡಿದ. ಜೂನಿಯಸ್ ತನ್ನತ್ತ ಬಂದ ಚೆಂಡನ್ನು ಕಂಡು "ಅಯ್ಯಯ್ಯೋ" ಎಂದು ಕಿರುಚಿ, ಮಂಡಿಯೂರಿ, ಟೊಪ್ಪಿಗೆಯಲ್ಲಿ ಹಿಡಿದ. ಮುಂದಿನದನ್ನು ಬೆನ್ನ ಹಿಂದೆ ಹಿಡಿದ. ಮೂರನೆಯದಕ್ಕೆ ಬೇಸಿನ ಚೀಲದ ಹಿಂದೆ ಅವಿತು ಕಣ್ಣು ಹೊರಳಿಸಿದ. ಜನ ಹೊಟ್ಟೆ ಹಿಡಿದುಕೊಂಡರು. ಆಟ ಮುಗಿದು ಹೊರಡುವಾಗ ಮುದಿ ರೈತನೊಬ್ಬ ತಣ್ಣನೆಯ ಮಜ್ಜಿಗೆಯ ಬಕೆಟ್ ತಂದು ಬಂಡಿಯ ಬಳಿ ಇಟ್ಟು, "ಆ ಉದ್ದ ಕೈಯವನಿಗೆ ಮೊದ್ಲು ಕೊಡಿ," ಎಂದು ಹೋದ.

ಲೂಷಿಯಸ್ ಆ ಬಕೆಟ್ಟನ್ನು ಒದ್ದ. ಮಜ್ಜಿಗೆ ಧೂಳಿನಲ್ಲಿ ಹರಿಯಿತು.

"ಬಿಚ್ಚು ಅಂಗಿ."

"ಕ್ಯಾಪ್, ಒಂದು ಮಾತು..."

ಲೂಷಿಯಸ್ ಅವನ ಕೆನ್ನೆಗೆ ಬಾರಿಸಿದ. ಹನ್ನೊಂದು ಜನ ನೋಡುತ್ತಾ ನಿಂತಿದ್ದರು. ಜೂನಿಯಸ್ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಒಂದೊಂದೇ ಗುಂಡಿ ಬಿಚ್ಚುತ್ತಾ ಹೇಳಿದ.

"ಬೇಲಿ ಗೂಟ ಕೀಳ್ತಿದ್ರು. ಹದಿನೈದಿಪ್ಪತ್ತು ಜನ. ನೀನು ಅಂಪೈರ್ ಮುಖ ನೋಡ್ತಿದ್ದೆ. ನಾನು ಅವರ ಕೈ ನೋಡ್ತಿದ್ದೆ. ನಕ್ಕವನು ಹೊಡೆಯೋಕೆ ಸ್ವಲ್ಪ ತಡ ಮಾಡ್ತಾನೆ, ಕ್ಯಾಪ್. ಉಗ್ರಾಣದಲ್ಲಿ ಕಲಿತಿದ್ದು."

ಲೂಷಿಯಸ್‌ಗೆ ಮಾತು ಕೇಳಿಸಿತು, ಅರ್ಥವೂ ಆಯಿತು. ಮೈದಾನದ ಆ ಬದಿಯ ಬೇಲಿಯಲ್ಲಿ ಹಲ್ಲು ಬಿದ್ದ ಬಾಯಿಯಂತೆ ಸಂದುಗಳಿದ್ದುದೂ ಕಣ್ಣಿಗೆ ಬಿತ್ತು. ಆದರೆ ಅಷ್ಟು ಜನರ ಮುಂದೆ ಎತ್ತಿದ ಕೈಯನ್ನು ಹಿಂದೆ ತೆಗೆದುಕೊಳ್ಳುವುದು ಅವನಿಗೆ ಗೊತ್ತಿರಲಿಲ್ಲ.

"ನಡಿ ಆಚೆಗೆ," ಎಂದ.

ಮೂರು ವಾರ ಕಳೆದ ಮೇಲೆ ಡೆಕ್ಸ್‌ಟರ್‌ವಿಲ್‌ನಲ್ಲಿ ಮತ್ತೆ ಅದೇ ಬಗೆಯ ಜನ, ಮತ್ತೆ ಅದೇ ಬಗೆಯ ಗೆಲುವು. ಈ ಸಲ ಯಾರೂ ಕುಣಿಯಲಿಲ್ಲ. ಜನ ಗೂಟ ಹಿಡಿದು ಮೈದಾನಕ್ಕೆ ನುಗ್ಗಿದರು. ಎಲ್ಲರೂ ಓಡಿದರು. ಎರಡನೇ ಮತ್ತು ಮೂರನೇ ಬೇಸಿನ ನಡುವೆ ಆಡುತ್ತಿದ್ದ ಎಜ್ರಾ ಸಿಕ್ಕಿಬಿದ್ದ. ಲೂಷಿಯಸ್ ಬ್ಯಾಟು ಬೀಸಿ ಅವನನ್ನು ಎಳೆದು ತರುವಷ್ಟರಲ್ಲಿ ಬಲಗೈ ಎರಡು ಕಡೆ ಮುರಿದಿತ್ತು. ಊರಿನ ವೈದ್ಯ ಬಾಗಿಲು ತೆಗೆಯಲಿಲ್ಲ. ಲೂಷಿಯಸ್ ರೈಲಿನಲ್ಲೇ ಬ್ಯಾಟೊಂದನ್ನು ಸೀಳಿ ದಬ್ಬೆ ಮಾಡಿ ಕೈ ಕಟ್ಟಿದ. ಎಜ್ರಾ ಬೆವರುತ್ತಾ ಕಿಟಕಿಯ ಕಡೆ ನೋಡುತ್ತಿದ್ದ.

"ಹೇಳು," ಎಂದ ಲೂಷಿಯಸ್.

"ಏನ್ ಹೇಳ್ಲಿ ಕ್ಯಾಪ್?"

"ಮನಸಲ್ಲಿರೋದು ಹೇಳು. ಜೂನಿಯಸ್ ಇದ್ದಿದ್ರೆ ಅಂತ ಹೇಳು."

"ನಾನೇನೂ ಹೇಳಿಲ್ಲ."

"ಹೇಳೋ!" ಎಂದು ಅಬ್ಬರಿಸಿದ. ಡಬ್ಬಿಯಲ್ಲಿದ್ದ ಮಿಕ್ಕವರು ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು. ಅವರೆಲ್ಲ ತನ್ನನ್ನು ಬೈದು ಉಗಿದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವನು ಬಹಳ ವರ್ಷಗಳ ಮೇಲೆ ಹೆಸ್ಟರಿಗೆ ಹೇಳಿದ. ಎಜ್ರಾ ಮತ್ತೆ ಚೆಂಡು ಎಸೆಯಲಿಲ್ಲ.

ಆ ಚಳಿಗಾಲ ಕ್ರೌಸ್ ರೋವರ್ಸನ್ನು ಕೈಬಿಟ್ಟು ಹೊಸ ತಂಡ ಕಟ್ಟಿದ. ಆಟಗಾರರು ಬಣ್ಣದ ಗಾಡಿಗಳಲ್ಲಿ ಮೆರವಣಿಗೆ ಬರಬೇಕು, ಹುಲ್ಲಿನ ಟೊಪ್ಪಿಗೆ ಹಾಕಬೇಕು, ಆಡುತ್ತಾ ನಗಿಸಬೇಕು. ಅದರ ಕ್ಯಾಪ್ಟನ್ ಜೂನಿಯಸ್ ಟಾಲಿವರ್. ಎರಡನೇ ಬೇಸಿಗೆ ನೀನೇ ಬಾ ಎಂದು ಜೂನಿಯಸ್ ಯಾರಿಂದಲೋ ಬರೆಸಿದ ಕಾಗದ ಬಂತು. ಲೂಷಿಯಸ್ ಅದನ್ನು ಒಲೆಗೆ ಹಾಕಿದ.

"ಓದಿದ್ರೆ ಏನ್ ಗಂಟು ಹೋಗ್ತಿತ್ತು?" ಎಂದಳು ಹೆಸ್ಟರ್.

"ಓದ್ದೆ. ಅದಕ್ಕೇ ಹಾಕಿದ್ದು."

ಆದರೆ ಎರಡು ವರ್ಷದ ಮೇಲೆ ಒಮ್ಮೆ ಅವರ ಆಟ ನೋಡಲು ಯಾರಿಗೂ ಹೇಳದೆ ಹೋದ. ನಮ್ಮವರಿಗೆಂದು ಹಗ್ಗ ಕಟ್ಟಿದ ಮೂಲೆಯಲ್ಲಿ ನಿಂತ. ಮೈದಾನ ಕಿಕ್ಕಿರಿದಿತ್ತು. ಜೂನಿಯಸ್ ಬೊಜ್ಜು ಬಂದವನಂತೆ ನಡೆದ, ಅಂಪೈರನಿಗೆ ಅಡ್ಡಬಿದ್ದ, ಬ್ಯಾಟನ್ನು ಹೆಂಡತಿಯೆಂದು ಮುದ್ದಿಸಿದ. ನಡುವೆ ಒಮ್ಮೆ ಚೆಂಡೊಂದು ಅಡ್ಡಾದಿಡ್ಡಿ ಪುಟಿದು, ನೆಲದಿಂದ ಒಂದು ಗೇಣು ಮೇಲೆ, ಓಡುವವನ ಕಾಲ ಸಂದಿಯಿಂದ ಬಂತು. ಜೂನಿಯಸ್ ಪೂರ್ತಿ ಉದ್ದಕ್ಕೆ ಚಾಚಿ, ಕಾಲ್ಬೆರಳು ಬೇಸಿನ ಮೇಲಿಟ್ಟೇ, ಬರಿಗೈಯಲ್ಲಿ ಅದನ್ನು ಎತ್ತಿದ. ಅಂಥ ಹಿಡಿತವನ್ನು ಲೂಷಿಯಸ್ ತನ್ನ ಇಪ್ಪತ್ತು ವರ್ಷದ ಆಟದಲ್ಲಿ ಕಂಡಿರಲಿಲ್ಲ. ಜನ ಅದಕ್ಕೂ ನಕ್ಕರು. ಅವನು ಮಕಾಡೆ ಬಿದ್ದುದನ್ನು ನೋಡಿ ನಕ್ಕರು.

"ನಗಬೇಡ್ರೋ! ಕಣ್ಣಿಲ್ವೇನ್ರೋ ನಿಮಗೆ! ಅದು ಆಟ ಕಣ್ರೋ, ಆಟ!" ಎಂದು ಲೂಷಿಯಸ್ ಕೂಗಿದ. ಗಂಟಲು ಹರಿಯುವಂತೆ ಕೂಗಿದ. ಪಕ್ಕದವರು ಕುಡುಕನಿರಬೇಕೆಂದು ಸರಿದು ನಿಂತರು. ಪಂದ್ಯ ಮುಗಿಯುವವರೆಗೂ ನಿಲ್ಲದೆ ಹೊರಟ. ಸ್ಟೇಷನ್ನಿನವರೆಗೂ ಒಬ್ಬನೇ ಬೈದುಕೊಂಡು ಹೋದ. ಆ ಜನರನ್ನು ಬೈದ, ಕ್ರೌಸನನ್ನು ಬೈದ, ಥೇಯರನನ್ನು ಬೈದ. ಕೊನೆಗೆ ಇನ್ಯಾರೂ ಉಳಿಯದೆ ತನ್ನನ್ನೇ ಬೈದುಕೊಂಡ.

ಎಂಟು ವರ್ಷ ಕಳೆಯಿತು. ೧೯೦೪ರ ವಸಂತದಲ್ಲಿ ಒಂದು ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಅಂಗಡಿಯ ಬಾಗಿಲು ತೆರೆದು ಜೂನಿಯಸ್ ಒಳಗೆ ಬಂದ. ಮಂಡಿ ಎರಡೂ ಹಾಳಾಗಿ ಕೋಲು ಹಿಡಿದಿದ್ದ. ಮಂಡಿ ಹೋದ ದಿನವೇ ಕ್ರೌಸ್ ಅವನನ್ನು ಕಳಿಸಿಬಿಟ್ಟಿದ್ದ. ಅಂಗಡಿಯಲ್ಲಿ ಬ್ಯಾಂಕಿನ ಗುಮಾಸ್ತ, ಜಡ್ಜ್ ಸಾಹೇಬರು, ಇನ್ನಿಬ್ಬರು ಬಿಳಿಯರು ಕಾಯುತ್ತಿದ್ದರು. ಜೂನಿಯಸ್ ನೇರವಾಗಿ ಹೋಗಿ ಖಾಲಿಯಿದ್ದ ಕುರ್ಚಿಯಲ್ಲಿ ಕೂತ.

ಪೆಟಿಫರ್ಡ್ ಅಂಗಡಿಯಲ್ಲಿ ಆವರೆಗೆ ನಮ್ಮವನೊಬ್ಬ ಆ ಕುರ್ಚಿಯಲ್ಲಿ ಕೂತದ್ದಿಲ್ಲ. ಅಬ್ಸಾಲಮ್ ಕಾಲದಿಂದಲೂ ಹಾಗೆಯೇ. ನಮ್ಮವರು ಕೂತ ಕುರ್ಚಿಯಲ್ಲಿ ಬಿಳಿಯರು ಕೂರುವುದಿಲ್ಲ, ಹಾಗಾಗಿ ನಮ್ಮ ಗಡ್ಡಗಳೆಲ್ಲ ಹಿತ್ತಲಿನಲ್ಲಿ ಇಳಿಯುತ್ತಿದ್ದವು. ಇದೂ ಎಲ್ಲೂ ಬರೆದಿರಲಿಲ್ಲ.

"ಹಿತ್ತಲಿಗೆ ಹೋಗು ಅಂತೀಯಾ, ಕ್ಯಾಪ್?" ಎಂದ ಜೂನಿಯಸ್, ಕನ್ನಡಿಯಲ್ಲಿ ಅವನನ್ನೇ ನೋಡುತ್ತಾ. "ಹೇಳು, ಹೋಗ್ತೀನಿ. ಒಂದ್ಸಲ ಕಳಿಸಿದ್ದೀಯಲ್ಲ, ಅಭ್ಯಾಸ ಇದೆ."

"ಲೂಷಿಯಸ್," ಎಂದರು ಜಡ್ಜ್ ಸಾಹೇಬರು, ಮೆಲುದನಿಯಲ್ಲಿ. "ಇವನಿಗೆ ತಿಳಿಸಿ ಹೇಳು."

ಆ ಮೆಲುದನಿ ಕೇಳಿದ್ದೇ ತಡ, ಲೂಷಿಯಸ್‌ನ ಮೈ ಉರಿದುಹೋಯಿತು. ಒಗೆದ ಬಿಳಿ ವಸ್ತ್ರವನ್ನು ಝಾಡಿಸಿ ಜೂನಿಯಸ್‌ನ ಕುತ್ತಿಗೆಗೆ ಎಷ್ಟು ಬಿಗಿಯಾಗಿ ಕಟ್ಟಿದನೆಂದರೆ ಜೂನಿಯಸ್ ಕೆಮ್ಮಿದ.

"ತಲೆ ಹಿಂದಕ್ಕೆ ಹಾಕು."

"ಉಸಿರು ಕಟ್ಟತ್ತೆ ಕಣೋ ಕ್ಯಾಪ್!"

"ಕಟ್ಲಿ. ಅಲ್ಲಾಡ್ಬೇಡ, ಕತ್ತೆ. ಈ ಗಡ್ಡ ಏನು ಪೊರಕೆಯಲ್ಲಿ ಬಾಚ್ಕೋತೀಯಾ?"

ಬಿಳಿಯರು ಒಬ್ಬೊಬ್ಬರಾಗಿ ಎದ್ದು ಹೋದರು. ಜಡ್ಜ್ ಸಾಹೇಬರು ಕೊನೆಯವರು. ಬಾಗಿಲ ಗಂಟೆ ನಾಲ್ಕು ಸಲ ಬಡಿಯಿತು. ಲೂಷಿಯಸ್ ತಿರುಗಿ ನೋಡಲಿಲ್ಲ. ಎರಡು ಸಲ ನೊರೆ ಹಚ್ಚಿ, ಎರಡು ಸಲ ಕತ್ತಿಯಾಡಿಸಿ, ಬಿಸಿ ಬಟ್ಟೆ ಒತ್ತಿ ಮುಗಿಸಿದ. ತಾನು ಹೊಡೆದಿದ್ದ ಕೆನ್ನೆಯ ಮೇಲೆ ಆ ಬಟ್ಟೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದ.

"ಕ್ಲೇಬರೋದಲ್ಲಿ," ಎಂದು ಶುರು ಮಾಡಿದ. ಆಮೇಲೆ ಕತ್ತಿ ಒರೆಸತೊಡಗಿದ.

"ಆ ಮಜ್ಜಿಗೆ ಚೆಲ್ಲಬಾರದಾಗಿತ್ತು. ನನಗೆ ತುಂಬಾ ಬಾಯಾರಿತ್ತು," ಎಂದ ಜೂನಿಯಸ್.

ಆ ವಾರದಲ್ಲೇ ಅಂಗಡಿಗೆ ಬಿಳಿಯರು ಬರುವುದು ನಿಂತಿತು. ಕಾಲುವೆ ಬೀದಿಯ ಜಾಗ ಬಿಟ್ಟು ಲೂಷಿಯಸ್ ನಮ್ಮ ಕೇರಿಗೆ ಎರಡೇ ಕುರ್ಚಿ ಹೊತ್ತುಕೊಂಡು ಬಂದ. ಅಪ್ಪ ನಲವತ್ತು ವರ್ಷ ಕಟ್ಟಿದ್ದನ್ನು ಒಂದು ಗಡ್ಡಕ್ಕಾಗಿ ಕಳೆದ ಎಂದು ಅವನ ಅಕ್ಕಂದಿರು ಸಾಯುವವರೆಗೂ ಅಂದರು. ಅವನು ಅವರಿಗೂ ಬಯ್ಗುಳದ ಉತ್ತರ ಕೊಟ್ಟ. ಜೂನಿಯಸ್ ಊರಿನಲ್ಲೇ ಉಳಿದ. ಚರ್ಮದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನಮ್ಮ ಗಂಡಸರನ್ನು ಸೇರಿಸಿ ಇಬ್ಬರೂ ಶನಿವಾರದ ತಂಡವೊಂದನ್ನು ಕಟ್ಟಿದರು. ಲೂಷಿಯಸ್ ಮ್ಯಾನೇಜರ್. ಜೂನಿಯಸ್ ಮೊದಲ ಬೇಸಿನ ಬಳಿ ಕುರ್ಚಿ ಹಾಕಿಕೊಂಡು ಕೂತು ಜನರನ್ನು ನಗಿಸುತ್ತಿದ್ದ. ಲೂಷಿಯಸ್ ಅತ್ತ ಬೆನ್ನು ಮಾಡಿ ನಿಲ್ಲುತ್ತಿದ್ದ, ನಿಲ್ಲಿಸು ಎಂದು ಮಾತ್ರ ಹೇಳುತ್ತಿರಲಿಲ್ಲ.

ಹದಿನಾಲ್ಕು ವರ್ಷ ಹಾಗೆ ನಡೆಸಿದ. ಅಂಪೈರಾಗಿ ಬರುತ್ತಿದ್ದವರು ಚರ್ಚಿನ ಹಿರಿಯ ಗ್ರಾಂಡಿಸನ್. ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವರು ಹೆಸ್ಟರಳನ್ನು ತಡೆದು ನಿಲ್ಲಿಸಿದರು.

"ತಂಗಿ, ನಿನ್ನೆ ನಿನ್ನ ಗಂಡ ನನ್ನನ್ನ ಎಲ್ಲರೆದುರು ಕುರುಡ ಅಂದ. ಸ್ವಲ್ಪ ಬುದ್ಧಿ ಹೇಳಮ್ಮ."

"ಮೂರನೇ ಬೇಸಲ್ಲಿ ನಮ್ಮ ಹುಡುಗ ಔಟಾಗಿರ್ಲಿಲ್ಲ ಅಣ್ಣಾ," ಎಂದಳು ಹೆಸ್ಟರ್. "ನಾನೂ ನೋಡಿದ್ದೀನಿ."